ಚೌಡಿಕೆಯ ಹಾಡು ಮತ್ತು ನಮ್ಮ ವಿಮರ್ಶೆ

ಜನ್ನನ 'ಯಶೋಧರ ಚರಿತೆ'ಯನ್ನು ನಾನು ಪಾಠ ಹೇಳತೊಡಗಿ ಹದಿನೈದು ವರ್ಷಗಳ ಮೇಲಾಯಿತು. ಚಂಡಮಾರಿಯ ಗುಡಿಯ ವರ್ಣನೆ ಬಂದಾಗಲೆಲ್ಲ ಕವಿಯ ಬೀಭತ್ಸ ರಸವನ್ನು ಹೊಗಳಿ, ಬಲಿಗೆಂದು ತಂದ ಎಳೆಯ ಅಣ್ಣತಂಗಿಯರ ಧೈರ್ಯವನ್ನು ಕೊಂಡಾಡಿ ಮುಂದೆ ಸಾಗುವುದು ನನ್ನ ರೂಢಿ. ಈ ಸಲ ಸವದತ್ತಿಯ ಕಡೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಆ ಗುಡಿಗೆ ನಡಕೊಳ್ಳೋ ಮಂದಿ ದೇವೀ ಮುಂದ ಏನು ಹಾಡತಿದ್ದರು?" ಎಂದು ಕೇಳಿಬಿಟ್ಟಳು. ತರಗತಿ ನಕ್ಕಿತು. ನಾನೂ ನಕ್ಕೆ, ಉತ್ತರ ಮಾತ್ರ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? 1209ರ ಆ ಕಾವ್ಯದಲ್ಲಿ ಮಾರಿಯ ಭಕ್ತರಿಗೆ ಕತ್ತಿಯುಂಟು, ಹಾಡಿಲ್ಲ. ಜನ್ನ ಜೈನ ಕವಿ. ಹಿಟ್ಟಿನ ಕೋಳಿಯನ್ನು ಕೊಯ್ದರೂ ಕೊಯ್ಯುವ ಸಂಕಲ್ಪವೇ ಹಿಂಸೆಯೆಂಬ ಅವನ ಕಾಣ್ಕೆ ನಮ್ಮ ಸಾಹಿತ್ಯದ ದೊಡ್ಡ ಕಾಣ್ಕೆಗಳಲ್ಲೊಂದು. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ಬರೆದದ್ದು ಸುಮ್ಮನೆ ಅಲ್ಲ. ಆದರೂ ಅದು ಎದುರು ಪಕ್ಷದವನ ಸಾಕ್ಷ್ಯವೆಂಬುದನ್ನು ಮರೆಯಲಾಗದು. ಅವನಿಗೂ ಮೊದಲೇ ಮಾರಿ ಮಸಣಿಯರ ಪೂಜೆಯನ್ನು ಹಳಿದ ವಚನಕಾರರ ಮಾತಿಗೂ ಇದೇ ಮಿತಿಯಿದೆ. ಶಾಕ್ತ ಆಚರಣೆಗಳನ್ನು ನಾವು ಬಹುಪಾಲು ಅದನ್ನು ಒಲ್ಲದವರ ಬಾಯಿಂದಲೇ ಕೇಳಿದ್ದೇವೆ. ಇದಕ್ಕೆ ಅಪವಾದಗಳಿಲ್ಲವೆಂದಲ್ಲ. ಬಗಲಾಮುಖಿಯ ಉಪಾಸಕರಾದ ಚಿದಾನಂದಾವಧೂತರ ಷಟ್ಪದಿಯ ದೇವೀ ಪುರಾಣವನ್ನು ನವರಾತ್ರಿಯಲ್ಲಿ ನಮ್ಮ ಊರೂರಿನ ಗುಡಿಗಳಲ್ಲಿ ಇಂದಿಗೂ ಓದುತ್ತಾರೆ. ಇಷ್ಟು ಜನ ಕಿವಿಗೊಟ್ಟ ಕನ್ನಡ ಕಾವ್ಯಗಳು ಹೆಚ್ಚಿಲ್ಲ. ಅದಕ್ಕೆ ನನ್ನ ತರಗತಿಯಲ್ಲಿ ನಾನು ಒಂದು ಗಂಟೆಯನ್ನೂ ಕೊಟ್ಟಿಲ್ಲ.

ಧಾರವಾಡದಿಂದ ಸವದತ್ತಿ ಸುಮಾರು 40 ಕಿಲೋಮೀಟರ್. ಹುಣ್ಣಿಮೆ ಬಂದಿತೆಂದರೆ ದಾರಿಯುದ್ದಕ್ಕೂ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು. ಭಂಡಾರ ಬಳಿದ ಹಣೆಗಳು. "ಉಧೋ ಉಧೋ" ಎಂಬ ಕೂಗು. ಜೋಗುಳ ಬಾವಿಯಲ್ಲಿ ಮಿಂದು, ಪಡಲಗಿ ತುಂಬಿಸಿ, ಗುಡ್ಡದ ಎಲ್ಲವ್ವನಿಗೆ ನಡೆದುಕೊಳ್ಳುತ್ತಾರೆ. ಅಲ್ಲಿ ಚೌಡಿಕೆಯ ಒಂಟಿ ತಂತಿಯ ಮೇಲೆ ಜೋಗತಿಯರು ಹಾಡುವ ಕತೆ ನಮಗೆ ಗೊತ್ತೆಂದು ನಾವು ತಿಳಿದಿದ್ದೇವೆ: ರೇಣುಕೆ, ಜಮದಗ್ನಿ, ಪರಶುರಾಮ. ಗೊತ್ತೆಂಬ ಈ ಭಾವನೆಯೇ ನಮ್ಮನ್ನು ಕೆಡಿಸಿದೆ.

ಮಹಾಭಾರತದ ವನಪರ್ವದಲ್ಲಿ ಈ ಕತೆ ಬಲು ಚಿಕ್ಕದು. ನೀರಿಗೆ ಹೋದ ರೇಣುಕೆ ಜಲಕ್ರೀಡೆಯಾಡುವ ಚಿತ್ರರಥನನ್ನು ಕಂಡು ಮನಸ್ಸು ಹರಿಯಗೊಡುತ್ತಾಳೆ. ಅವಳನ್ನು ಕೊಲ್ಲೆಂದರೆ ನಾಲ್ವರು ಮಕ್ಕಳು ಒಲ್ಲೆನ್ನುತ್ತಾರೆ, ಐದನೆಯವನು ಕೊಡಲಿ ಎತ್ತುತ್ತಾನೆ. ತಂದೆ ಮೆಚ್ಚಿ ವರ ಕೇಳೆಂದಾಗ ಪರಶುರಾಮ ತಾಯಿ ಬದುಕಲಿ ಎನ್ನುತ್ತಾನೆ. ತನ್ನನ್ನು ಕೊಂದದ್ದು ಅವಳ ನೆನಪಿನಲ್ಲಿ ಉಳಿಯದಿರಲಿ ಎಂದೂ ಸೇರಿಸುತ್ತಾನೆ. ಈ ಎರಡನೆಯ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ, ಗಮನಿಸಿರಲಿಲ್ಲ. ಆ ಕತೆ ಮಗನನ್ನು ಉಳಿಸಿಕೊಳ್ಳಲು ಹೊರಟದ್ದು. ಅದಕ್ಕೆ ತಾಯಿಯ ಮರೆವು ಬೇಕು.

ಗುಡ್ಡದ ಹಾಡಿಗೆ ಅದು ಬೇಕಿಲ್ಲ. ಅಲ್ಲಿ ಎಲ್ಲವ್ವ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ನೀರು ತರುವ ಹೆಂಗಸು. ಕೊಡ ಒಡೆದ ದಿನದಿಂದ ಅವಳ ಪಾಡು ಮೊದಲಾಗುತ್ತದೆ: ಗಂಡನ ಶಾಪ, ಮೈಗೆ ಹತ್ತಿದ ತೊನ್ನು ಕುಷ್ಠ, ಮನೆಯಿಂದ ಹೊರಬಿದ್ದ ಅಲೆದಾಟ, ಎಕ್ಕಯ್ಯ ಜೋಗಯ್ಯರ ಉಪಚಾರ, ಮನೆಮನೆಯ ಜೋಗ. ವ್ಯಾಸರು ಹೇಳದ ಈ ನಡುವಿನ ಭಾಗವನ್ನೇ ಹಾಡು ಹಿಗ್ಗಿಸುತ್ತದೆ. ಕೇಳುವವರ ಕಣ್ಣು ತುಂಬುವುದೂ ಅಲ್ಲಿಯೇ. ಇನ್ನು ಆಚರಣೆಯನ್ನು ನೋಡಿರಿ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ಬಳೆ ಒಡೆಯುತ್ತಾರೆ, ಅದಕ್ಕೆ ರಂಡಿ ಹುಣ್ಣಿಮೆಯೆಂದೇ ಹೆಸರು. ಭಾರತ ಹುಣ್ಣಿಮೆಗೆ ಮತ್ತೆ ಬಳೆ ಇಟ್ಟು ಮುತ್ತೈದೆಯಾಗುತ್ತಾರೆ. ಮಹಾಭಾರತದ ರೇಣುಕೆ ಮರೆತದ್ದನ್ನು ಇಲ್ಲಿ ವರ್ಷಕ್ಕೊಮ್ಮೆ ಮೈಮೇಲೆ ತಂದುಕೊಂಡು ನೆನೆಯುತ್ತಾರೆ. ತಂದೆಯ ಮಾತು ಮೀರಿದ ಆ ನಾಲ್ವರು ಮಕ್ಕಳನ್ನೂ ಗುಡ್ಡ ಮರೆತಿಲ್ಲ. ಶಾಪದಿಂದ ಅವರು ಗಂಡಸುತನ ಕಳೆದುಕೊಂಡರೆಂದೂ ಜೋಗಪ್ಪಗಳು ಅವರ ಸಂತಾನವೆಂದೂ ಒಂದು ಹೇಳಿಕೆಯಿದೆ. ಒಂದು ಕಾವ್ಯ ಇನ್ನೊಂದಕ್ಕೆ ಕೊಟ್ಟ ಇಂಥ ನೇರ ಉತ್ತರ ನಮ್ಮಲ್ಲಿ ಎಷ್ಟಿವೆ? ಆದರೂ ನಾವು ಇದನ್ನು 'ಜಾನಪದ ರೂಪಾಂತರ' ಎಂದು ಕರೆದು ಕಪಾಟಿನಲ್ಲಿಡುತ್ತೇವೆ.

ಈಚೆಗೆ ಇನ್ನೊಂದು ಬಗೆಯ ಓದು ಬಳಕೆಗೆ ಬಂದಿದೆ. ಕಡಿದ ತಲೆಯೆಂದರೆ ಛಿನ್ನಮಸ್ತಾ, ಸಿಂಬಿಯ ಹಾವೆಂದರೆ ಕುಂಡಲಿನಿ, ಮಾತಂಗಿಯೆಂದರೆ ದಶಮಹಾವಿದ್ಯೆಗಳಲ್ಲೊಬ್ಬಳು: ಹೀಗೆ ತಂತ್ರಗ್ರಂಥಗಳ ಕೀಲಿಕೈಯಿಂದ ಎಲ್ಲ ಬೀಗಗಳನ್ನೂ ತೆರೆದುಬಿಡುತ್ತಾರೆ. ಈ ನಂಟು ಸುಳ್ಳೆನ್ನಲಾರೆ. ನಾಗನಾಥಕೊಳ್ಳದಲ್ಲಿ ದೊರೆತು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯ ಮುಂದೆ ನಿಂತವರಿಗೆ, ತಲೆಯಿರಬೇಕಾದಲ್ಲಿ ಅರಳಿದ ಆ ತಾವರೆ ಏನನ್ನೋ ಹೇಳದಿರದು. ಮರಾಠಿಯ ರಾ. ಚಿಂ. ಢೇರೆಯವರು 1978ರ 'ಲಜ್ಜಾಗೌರಿ' ಗ್ರಂಥದಲ್ಲಿ ಆ ತಾಯಿಗೂ ರೇಣುಕೆಗೂ ಮಣ್ಣಿಗೂ ಹುತ್ತಕ್ಕೂ ಇರುವ ಸಂಬಂಧವನ್ನು ಶೋಧಿಸಿದ್ದಾರೆ. ನಮ್ಮ ರಹಮತ್ ತರೀಕೆರೆಯವರು ಶಾಕ್ತರನ್ನು ಹುಡುಕಿಕೊಂಡು ಊರೂರು ತಿರುಗಿದ್ದಾರೆ. ಅವರ ಕೆಲಸ ಬೇರೆ. ಮೇಜಿನ ಮೇಲೆ ಕೂತು ಸಂಕೇತ ಬಿಡಿಸುವವರ ಕೆಲಸ ಬೇರೆ. ಹಾವು ಕುಂಡಲಿನಿಯಾದ ಗಳಿಗೆಯಲ್ಲಿ ನೀರಿಗೆ ಹೋದ ಹೆಂಗಸು ಮಾಯವಾಗುತ್ತಾಳೆ. ಮಾತಂಗಿ ಮಹಾವಿದ್ಯೆಯಾದ ಮೇಲೆ ಕೇರಿಯ ಮಾತಂಗಿ ಯಾರಿಗೂ ಕಾಣುವುದಿಲ್ಲ. ಜನ್ನ ಅವಳನ್ನು ಭಯಂಕರಿಯಾಗಿ ಕಂಡ. ಇವರು ಕಾಣುವುದನ್ನೇ ಬಿಟ್ಟಿದ್ದಾರೆ.

ಹಾಗೆಂದು ಹಾಡಿನ ಸೊಬಗಿಗೆ ಮರುಳಾಗಿ ಕಣ್ಣು ಮುಚ್ಚಿಕೊಳ್ಳಲೂ ಆಗದು. ಎಲ್ಲವ್ವನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಬಾಳು ಏನಾಯಿತೆಂಬುದು ಈ ಭಾಗದವರಿಗೆ ತಿಳಿಯದ್ದಲ್ಲ. ಮುಂಬಯಿ ಪ್ರಾಂತದಲ್ಲಿ 1934ರಲ್ಲಿಯೇ ಕಾನೂನಾಯಿತು; ಅದು ಸಾಲದೆ ಕರ್ನಾಟಕ 1982ರಲ್ಲಿ ಇನ್ನೊಂದನ್ನು ಮಾಡಬೇಕಾಯಿತು. ಚಂದ್ರಗುತ್ತಿಯ ರೇಣುಕಾಂಬೆಯ ಬೆತ್ತಲೆ ಸೇವೆ 1986ರ ಗಲಭೆಯ ಬಳಿಕ ನಿಷೇಧಕ್ಕೊಳಗಾಯಿತು. ಆಗಬೇಕಾದದ್ದೇ ಆಯಿತು. ಹಾಡು ಉಳಿಯಲೆಂದು ಮುತ್ತು ಉಳಿಯಬೇಕೆನ್ನುವವನನ್ನು ರಸಿಕನೆನ್ನಲು ನನ್ನ ನಾಲಗೆ ಏಳದು. ಆದರೆ ಪದ್ಧತಿಯನ್ನು ತೊಡೆಯುವ ಉತ್ಸಾಹದಲ್ಲಿ ಆ ಹೆಂಗಸರು ಕಟ್ಟಿದ ಕಾವ್ಯವನ್ನೂ ಕೊಳೆಯೆಂದು ತೊಳೆದರೆ, ಅವರಿಗೆ ಎರಡು ಸಲ ಅನ್ಯಾಯವಾಗುತ್ತದೆ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ನಾವೆಲ್ಲ ಸಂತೋಷಪಟ್ಟೆವು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಬಂದಾಗ ಕಷ್ಟದ ಪುಟಗಳನ್ನು ಓದಿ ಮರುಗಿದೆವು. ಹಾಡುಗಾರ್ತಿಯಾಗಿ ಅವರ ಕಲೆ ಎಂಥದು, ಯಾವ ಸೊಲ್ಲನ್ನು ಎಲ್ಲಿ ಎಳೆಯುತ್ತಾರೆ, ಕತೆಯನ್ನು ಎಲ್ಲಿ ಮುರಿಯುತ್ತಾರೆ ಎಂದು ಕೇಳುವ ವಿಮರ್ಶೆ ಇನ್ನೂ ಸಾಕಷ್ಟು ಬಂದಿಲ್ಲ. ಅಂಬಿಕಾತನಯದತ್ತನೆಂದು ತಾಯಿಯ ಹೆಸರಿಟ್ಟುಕೊಂಡು ಬರೆದ ಕವಿಯ ಊರಿನಲ್ಲಿ ಕೂತು ಇದನ್ನು ಹೇಳಬೇಕಾಗಿ ಬಂದದ್ದು ನನಗೆ ಸ್ವಲ್ಪ ನಾಚಿಕೆಯ ಸಂಗತಿಯೇ.

ಆ ವಿದ್ಯಾರ್ಥಿನಿಯ ದೊಡ್ಡವ್ವ ಚೌಡಿಕೆ ಹಾಡುತ್ತಾಳಂತೆ. ಮೊಬೈಲಿನಲ್ಲಿ ಒಂದೆರಡು ಹಾಡು ಹಿಡಿದುಕೊಂಡು ಬರಲಾದೀತೇ ಎಂದು ಕೇಳಿದ್ದೆ. ಮುಂದಿನ ವಾರ ಅವಳು ಬರಿಗೈಯಲ್ಲಿ ಬಂದಳು. "ಹಾಡು ಬೇಕಾದರ ನಿಮ್ಮ ಮಾಸ್ತರನ್ನ ಹುಣ್ಣಿವಿಗೆ ಗುಡ್ಡಕ್ಕ ಬರಾಕ ಹೇಳು ಅಂದಾಳ್ರಿ ಸರ್" ಎಂದಳು.