ಹಾಡು ಬಾದಶಹನಿಗೆ ಜಾಮೀನಲ್ಲ

ಗೋಗಿಯ ಚಂದಾ ಹುಸೇನಿ ದರ್ಗಾದ ಬಳಿ ಬಿಜಾಪುರದ ಮೊದಮೊದಲ ಆದಿಲ್‌ಶಾಹಿಗಳು ಮಲಗಿದ್ದಾರೆ: ಯೂಸುಫ್, ಮಗ ಇಸ್ಮಾಯಿಲ್, ಮೊಮ್ಮಗ ಮೊದಲನೆಯ ಇಬ್ರಾಹಿಂ. ಗೋಲಗುಮ್ಮಟದ ಬೆಡಗು ಇಲ್ಲಿಲ್ಲ. ಸಂತನ ನೆರಳು ಸಿಕ್ಕರೆ ಸಾಕೆಂದವರ ಗೋರಿಗಳಿವು. ಈ ಇಬ್ರಾಹಿಮನ ಮೊಮ್ಮಗನೇ 1580ರಿಂದ 1627ರವರೆಗೆ ಆಳಿದ, ಜನ ‘ಜಗದ್ಗುರು’ ಎಂದು ಕರೆದ ಎರಡನೆಯ ಇಬ್ರಾಹಿಂ. ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದ ಕವಿ.

ಸೌಹಾರ್ದದ ವೇದಿಕೆಗಳಲ್ಲಿ ಅವನು ಸರಸ್ವತಿಯನ್ನು ಹಾಡಿದ ಸಂತ. ಒಲ್ಲದವರ ಪಾಲಿಗೆ ಬರೀ ಕತ್ತಿ ಹಿಡಿದ ಸುಲ್ತಾನ. ಪುಸ್ತಕ ತೆರೆಯುವ ಗೋಜಿಗೆ ಇಬ್ಬರೂ ಹೋಗುವುದಿಲ್ಲ.

ತೆರೆದರೆ ಅಲ್ಲಿರುವುದು ಭೂಪಾಲಿ, ಮಲ್ಹಾರ, ಕಾನಡಾ ಎಂದು ರಾಗವಾರು ಜೋಡಿಸಿದ ಹಾಡುಗಳು. ಗಣಪತಿಯ ಪಕ್ಕದಲ್ಲೇ ಕಲಬುರ್ಗಿಯ ಸೂಫಿ ಸಂತ ಬಂದೇ ನವಾಜರಿಗೂ ಜಾಗವಿದೆ. ಆತಿಶ್ ಖಾನ್ ಎಂಬ ಆನೆ, ಮೋತಿ ಖಾನ್ ಎಂಬ ತಂಬೂರಿ ಮನೆಯವರಂತೆ ಬಂದುಹೋಗುತ್ತವೆ. ವಾದ್ಯಕ್ಕೆ ಹೆಸರಿಟ್ಟು ಅದರ ಅಗಲಿಕೆಗೆ ಕೊರಗುವ ದೊರೆ ಎಷ್ಟು ಜನ ಸಿಕ್ಕಾರು?

ಅದೇ ದೊರೆ ತನ್ನ ಹೆಸರಿನಲ್ಲಿ ಆಳಿದ ರಾಜಪ್ರತಿನಿಧಿ ದಿಲಾವರ್ ಖಾನನ ಕಣ್ಣು ಕೀಳಿಸಿದ. ಬೆಳಗಾವಿಯಲ್ಲಿ ದಂಗೆಯೆದ್ದ ತಮ್ಮ ಇಸ್ಮಾಯಿಲ್ ಉಳಿಯಲಿಲ್ಲ. 1619ರಲ್ಲಿ ಬೀದರ ಬಿಜಾಪುರದ ಪಾಲಾಯಿತು. ಕಾಲವೇ ಹಾಗಿತ್ತೆನ್ನಬಹುದು, ಹಾಗೆಂದ ಮಾತ್ರಕ್ಕೆ ಕಳೆದ ಕಣ್ಣು ಮರಳಿ ಬರುವುದಿಲ್ಲ.

ಕವಿ ಬೇರೆ, ದೊರೆ ಬೇರೆ ಎಂದು ಗೆರೆ ಎಳೆಯಲೂ ಈ ಪುಸ್ತಕ ಬಿಡುವುದಿಲ್ಲ. ಒಂದು ಹಾಡಿನಲ್ಲಿ ಅವನು ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತಾನೆ: ತಂದೆ ಗಣಪತಿ, ತಾಯಿ ಸರಸ್ವತಿ, ಕೈಯಲ್ಲಿ ವಾದ್ಯ, ಏರಲು ಆನೆ. ಭಕ್ತಿ ನಿಜವೇ. ಆದರೆ ದೇವರು, ಆನೆ, ರಾಗ ಎಲ್ಲವನ್ನೂ ‘ನನ್ನದು’ ಎನ್ನುವ ಆ ದನಿ ಬೀದರನ್ನೂ ಹಾಗೇ ಅಂದಿತು. ಆ ಹಾಡು ಕಣ್ಣು ಕುಕ್ಕುತ್ತದೆ, ಎದೆಗೆ ಇಳಿಯುವುದಿಲ್ಲ. ತಂಬೂರಿಗೆ ಕೊರಗುವಲ್ಲಿ ಮಾತ್ರ ಕಿರೀಟ ಕೆಳಗಿದೆ. ಅವನ ಒಳ್ಳೆಯ ಕವಿತೆ ಅಲ್ಲಿದೆ.

ನಾಲ್ಕು ನೂರು ವರ್ಷದ ಹಿಂದಿನ ದೊರೆಗೆ ನಾವು ಕೊಡುವ ಕ್ಷಮೆಯೂ ಬೇಡ, ಶಿಕ್ಷೆಯೂ ಬೇಡ. ಸರಸ್ವತಿಯ ಹಾಡನ್ನು ಅವನ ನಡತೆಯ ಪ್ರಮಾಣಪತ್ರವಾಗಿ ಹಂಚುವುದನ್ನು ನಾವು ನಿಲ್ಲಿಸಬೇಕು. ನೌರಸ್ ಓದಬೇಕಾದದ್ದು ಅದರ ಕರ್ತೃ ಒಳ್ಳೆಯವನೆಂದಲ್ಲ, ಕೆಲವು ಹಾಡುಗಳು ಒಳ್ಳೆಯವೆಂದು.