ಓವರ್‌ಹೆಡ್ ಮೊದಲು, ಕಿಕ್ ಆಮೇಲೆ

ಹೋದ ವಾರ ಕೊಟ್ಟ ಮಾತಿನ ಪ್ರಕಾರ ಇವತ್ತು ಈ ಅಂಕಣದಲ್ಲಿ ಮಲ್ಟಿ-ಔಟ್ ವಿಚಾರ ಬರಬೇಕಿತ್ತು. ವರ್ಚುವಲ್ ಡ್ರಮ್‌ನ ಒಂದೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹರಿಸುವುದು ಯಾವಾಗ, ಯಾಕೆ ಅನ್ನುವುದು. ಅದು ಕಾಯಲಿ. ಕೊಪ್ಪ, ಪಿರಿಯಾಪಟ್ಟಣ, ಹುಣಸೂರು ಕಡೆಯ ಹುಡುಗರು ಮನೆಯ ಕೋಣೆಯಲ್ಲೇ ಕೂತು ಮಾಡುತ್ತಿರುವ ಭಕ್ತಿಗೀತೆ, ಜನಪದ ಗೀತೆಗಳನ್ನು ಕೇಳಿದರೆ, ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ವ್ಯಾಜ್ಯವೊಂದು ಬಾಕಿ ಇರುವುದು ಗೊತ್ತಾಗುತ್ತದೆ. ಮಿಕ್ಸರ್ ತೆರೆದ ಕೂಡಲೇ, ಇಡೀ ಸೆಟ್ಟನ್ನು ಮೇಲಿನಿಂದಲೂ ದೂರದಿಂದಲೂ ಹಿಡಿಯುವ ಓವರ್‌ಹೆಡ್ ಮತ್ತು ರೂಮ್ ಚಾನೆಲ್‌ಗಳನ್ನು ಮ್ಯೂಟ್ ಮಾಡಿ, ಒಂದರ ಮೈಕಿಗೆ ಇನ್ನೊಂದರ ದನಿ ಸೋರುವ ಬ್ಲೀಡ್ ಅನ್ನು ಸೊನ್ನೆಗಿಳಿಸಿ, ‘ಈಗ ಕ್ಲೀನ್ ಆಯ್ತು ನೋಡಿ’ ಎನ್ನುವ ಪಂಥದ ಜೊತೆಗಿನ ವ್ಯಾಜ್ಯ ಅದು. ಈ ಅಂಕಣ ಈ ಪಂಥದ ಮೇಲೆ ಹಿಂದೆಯೂ ಹರಿಹಾಯ್ದಿದೆ. ಖಾಯಂ ಓದುಗರು ಸಹಿಸಿಕೊಳ್ಳಬೇಕು.

ಈ ಪಂಥಕ್ಕೊಂದು ವಂಶಾವಳಿಯೂ ಇದೆ. 1980ರಲ್ಲಿ ರೋಜರ್ ಲಿನ್ ತಂದ ಎಲ್‌ಎಂ-1 ನಿಜವಾದ ಡ್ರಮ್‌ನ ಧ್ವನಿಮುದ್ರಣವನ್ನು ಚಿಪ್ಪಿನಲ್ಲಿಟ್ಟು ನುಡಿಸಿದ ಯಂತ್ರ. ಮಿಕ್ಸರ್ ಅದರ ಮೈಮೇಲೇ ಇತ್ತು. ಒಂದೊಂದು ದನಿಗೂ ಒಂದು ಫೇಡರ್, ಹಿಂಬದಿಯಲ್ಲಿ ಪ್ರತ್ಯೇಕ ಜಾಕ್. ಆಗ ಮೆಮೊರಿ ಎಷ್ಟು ದುಬಾರಿಯೆಂದರೆ ಉದ್ದಕ್ಕೆ ಮೊಳಗುವ ಕ್ರ್ಯಾಶ್, ರೈಡ್ ಸಿಂಬಲ್‌ಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಕೋಣೆಯ ಗುಂಗಿಗಂತೂ ಕೇಳಲೇಬೇಡಿ. ಆ ‘ಕ್ಲೀನ್’ ದನಿ ಹುಟ್ಟಿದ್ದು ಹೀಗೆ, ಬಡತನದಲ್ಲಿ. 1985ರಲ್ಲಿ ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ ಬಂತು. ಅದರ ಮರಿ, ಮೊಮ್ಮರಿಗಳೇ ನಮ್ಮ ಜಾತ್ರೆ, ಗಣೇಶೋತ್ಸವಗಳ ರಸಮಂಜರಿ ವೇದಿಕೆಗಳನ್ನು ಆಳಿದವು. ಅಲ್ಲಿ ಎಲ್ಲ ದನಿಯೂ ಸಾಮಾನ್ಯವಾಗಿ ಎಡ, ಬಲ ಎಂಬ ಎರಡೇ ಜಾಕ್‌ನಿಂದ ಹೊರಬೀಳುತ್ತದೆ. ಬಯಲಿನ ವೇದಿಕೆಗೆ ಒಣ ದನಿಯೇ ಸರಿ, ಅದರಲ್ಲಿ ತಕರಾರಿಲ್ಲ. ಎದುರಿನ ಕಟ್ಟಡಗಳು, ಎತ್ತರದ ಸ್ಪೀಕರ್‌ಗಳು, ಮೈದಾನದ ಗಾಳಿ ಎಲ್ಲ ಸೇರಿ ತಮ್ಮ ಪಾಲಿನ ಗುಂಗನ್ನು ಕೂಡಿಸುತ್ತವೆ. ಪ್ಯಾಡ್ ನುಡಿಸಿ ಪಳಗಿದವರು ಅದೇ ಕಿವಿ ಹೊತ್ತುಕೊಂಡು ಸಾಫ್ಟ್‌ವೇರಿಗೆ ಬಂದದ್ದೇ ತೊಂದರೆ. ಹೆಡ್‌ಫೋನಿನಲ್ಲಿ ಹಾಡು ಕೇಳುವವನಿಗೆ ಮೈದಾನವನ್ನು ಯಾರು ಕೊಡಬೇಕು?

ಸಾಫ್ಟ್‌ವೇರ್ ಮಾಡಿದವರು ಕೊಟ್ಟಿದ್ದಾರೆ. ಲಂಡನ್ನಿನ ಎಫ್ಎಕ್ಸ್‌ಪ್ಯಾನ್ಷನ್ 2003ರಲ್ಲಿ ಬಿಎಫ್‌ಡಿ ತಂದಾಗ ಅದರ ಹೆಗ್ಗಳಿಕೆಯೇ ಹತ್ತಿರದ ಮೈಕ್, ಓವರ್‌ಹೆಡ್, ರೂಮ್ ಇವುಗಳ ಪ್ರಮಾಣವನ್ನು ಬಳಸುವವನೇ ಬೆರೆಸಿಕೊಳ್ಳಬಹುದು ಅನ್ನುವುದಾಗಿತ್ತು. ಸ್ವೀಡನ್ನಿನ ಟೂನ್‌ಟ್ರ್ಯಾಕ್ 2017ರಲ್ಲಿ ಹೊರತಂದ ಸುಪೀರಿಯರ್ ಡ್ರಮ್ಮರ್ 3ರ ದನಿಭಂಡಾರ ಸುಮಾರು 230 ಜಿಬಿ. ಅದರ ದೊಡ್ಡ ಪಾಲು ರೂಮ್ ಮೈಕ್, ಸರೌಂಡ್ ಮೈಕ್ ಮತ್ತು ಬ್ಲೀಡ್‌ಗಳದ್ದು. ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಕೂತು ಅದನ್ನು ಧ್ವನಿಮುದ್ರಿಸಿದವರು ಜಾರ್ಜ್ ಮ್ಯಾಸನ್‌ಬರ್ಗ್. ಪ್ಯಾರಾಮೆಟ್ರಿಕ್ ಈಕ್ವಲೈಸರ್ ಬಗ್ಗೆ 1972ರಲ್ಲಿ ಪ್ರಬಂಧ ಮಂಡಿಸಿದ, ಇವತ್ತು ಎಲ್ಲರೂ ತಿರುಗಿಸುವ ಇಕ್ಯೂ ಗುಂಡಿಗಳಿಗೆ ದಾರಿ ಮಾಡಿಕೊಟ್ಟ ಮನುಷ್ಯ. ಅಂಥವರು ಅಳೆದು ಸುರಿದು ಇಟ್ಟ ಮೈಕುಗಳನ್ನು ಒಂದೇ ಕ್ಲಿಕ್ಕಿಗೆ ಮ್ಯೂಟ್ ಮಾಡುವವರ ಧೈರ್ಯ ದೊಡ್ಡದು.

‘ಲ್ಯಾಪ್‌ಟಾಪ್ ತಡೆಯಲ್ಲ ಸಾರ್’ ಎಂಬ ಉತ್ತರ ಬಂದರೆ ಮಾತ್ರ ಒಪ್ಪಬೇಕು. ಬ್ಲೀಡ್ ತೆಗೆದರೆ ರ‍್ಯಾಮ್ ಉಳಿಯುವುದು ನಿಜ. 8 ಜಿಬಿಯ ಯಂತ್ರಕ್ಕೆ ಅದು ದೊಡ್ಡ ಉಳಿತಾಯ. ಹಾಗಿದ್ದರೆ ಟಾಮ್ ಮೈಕುಗಳ ಬ್ಲೀಡ್ ತೆಗೆಯಿರಿ, ಸರೌಂಡ್ ಲೋಡ್ ಮಾಡಲೇಬೇಡಿ. ಓವರ್‌ಹೆಡ್ ಮಾತ್ರ ಬಿಡಬೇಡಿ. ಇಡೀ ಡ್ರಮ್ ಸೆಟ್ ಒಂದೇ ವಾದ್ಯವಾಗಿ ಕೇಳಿಸುವುದು ಅದರಲ್ಲೇ. ಮಿಕ್ಕವೆಲ್ಲ ಅದರ ಬಿಡಿಭಾಗಗಳು.

ಮಿಕ್ಸ್ ಮಾಡುವ ಕ್ರಮ ಅಲ್ಲಿಂದಲೇ ಹುಟ್ಟುತ್ತದೆ. ಎಲ್ಲ ಫೇಡರ್ ಕೆಳಗಿಳಿಸಿ, ಓವರ್‌ಹೆಡ್ ಒಂದನ್ನೇ ಏರಿಸಿ ಹಾಡಿನ ಜೊತೆ ಕೇಳಬೇಕು. ಆಮೇಲೆ ಕೋಣೆಯ ಗಾತ್ರ ತಿಳಿಯುವಷ್ಟು ರೂಮ್. ಅದಾದ ಮೇಲೆ ಕಿಕ್, ಎದೆಗೆ ತಾಗುವಷ್ಟು. ನಂತರ ಸ್ನೇರ್ ಟಾಪ್, ಕೆಳಗಿನ ತಂತಿಯ ಸರಸರ ಬೇಕೆನಿಸಿದರೆ ಸ್ನೇರ್ ಬಾಟಮ್. ಹೈಹ್ಯಾಟ್ ಫೇಡರ್ ಮುಟ್ಟುವ ಪ್ರಸಂಗ ಬರುವುದೇ ಕಡಿಮೆ, ಓವರ್‌ಹೆಡ್‌ನಲ್ಲಿ ಅದು ಬೇಡವೆಂದರೂ ಇರುತ್ತದೆ. ಕಿಕ್ ಅನ್ನು ಸೋಲೋ ಮಾಡಿಟ್ಟುಕೊಂಡು ಅರ್ಧ ರಾತ್ರಿ ಇಕ್ಯೂ ತಿರುವುವುದು, ಒಗ್ಗರಣೆಯೊಂದನ್ನೇ ರುಚಿ ನೋಡಿ ಸಾರಿಗೆ ಉಪ್ಪು ಹಾಕಿದ ಹಾಗೆ.

ಪ್ಯಾನ್ ಬಗ್ಗೆ ಒಂದು ಎಚ್ಚರಿಕೆ. ಡ್ರಮ್ ಬಾರಿಸುವವನ ದಿಕ್ಕಿನಿಂದಲೋ ಕೇಳುವವನ ದಿಕ್ಕಿನಿಂದಲೋ ಎಂದು ತೀರ್ಮಾನಿಸಿ, ಓವರ್‌ಹೆಡ್ ತಿರುಗಿಸಿದರೆ ಹತ್ತಿರದ ಮೈಕುಗಳನ್ನೂ ತಿರುಗಿಸಬೇಕು. ಇಲ್ಲದಿದ್ದರೆ ಒಂದೇ ಹೈಹ್ಯಾಟ್ ಎಡಕ್ಕೂ ಬಲಕ್ಕೂ ಹರಿದುಹೋಗುತ್ತದೆ. ಸ್ನೇರ್ ಬಾಟಮ್‌ನ ಪೊಲಾರಿಟಿ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, ಯಾವುದರಲ್ಲಿ ತಳ ತುಂಬಿ ಬರುತ್ತದೋ ಅದನ್ನೇ ಉಳಿಸಿಕೊಳ್ಳುವುದು.

ಇನ್ನೊಂದು ಖಯಾಲಿ ಹಬ್ಬಿದೆ. ರೂಮ್ ಟ್ರ್ಯಾಕನ್ನು ಮುಂದಕ್ಕೆಳೆದು, ಅದರ ಏಟನ್ನು ಸ್ನೇರ್ ಏಟಿಗೆ ಸರಿಯಾಗಿ ಕೂರಿಸುವುದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮೂರು ಮೀಟರ್ ಆಚೆಯ ಮೈಕಿಗೆ ತಲುಪಲು ಸುಮಾರು 9 ಮಿಲಿಸೆಕೆಂಡ್ ಬೇಕು. ಕೋಣೆ ಇಷ್ಟು ದೊಡ್ಡದು ಎಂದು ಕಿವಿಗೆ ಹೇಳುವುದರಲ್ಲಿ ಆ ತಡದ ಪಾಲು ದೊಡ್ಡದು. ಅದನ್ನು ಅಳಿಸಿಬಿಟ್ಟರೆ ರೂಮ್ ಮೈಕ್ ಇಟ್ಟು ಏನು ಬಂತು? ಲೆಡ್ ಜೆಪ್ಲಿನ್ನಿನ ಜಾನ್ ಬಾನ್‌ಹಮ್ ನುಡಿಸಿದ, 1971ರಲ್ಲಿ ಹೊರಬಂದ ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿನ ಡ್ರಮ್ ದನಿಯನ್ನು ಇವತ್ತಿಗೂ ಜಗತ್ತು ನಕಲು ಮಾಡುತ್ತಿದೆ. ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಹಜಾರದಲ್ಲಿ ಸೆಟ್ ಇಟ್ಟು, ಧ್ವನಿಮುದ್ರಣ ಎಂಜಿನಿಯರ್ ಆ್ಯಂಡಿ ಜಾನ್ಸ್ ಮೆಟ್ಟಿಲಿನ ಮೇಲಿನಿಂದ ಎರಡೇ ಮೈಕ್ ಇಳಿಬಿಟ್ಟು ಹಿಡಿದದ್ದು ಅದು. ಕಿಕ್‌ಗೆಂದು ಬೇರೆ ಮೈಕ್ ಇರಲೇ ಇಲ್ಲ.

ಹೀಗೆ ದೂರ ನಿಂತು ಕೇಳುವ ಮಾತು ಬಂದಾಗ ಒಂದು ಕೊಳದ ಮಾತು ಬಾರದಿರುವುದಿಲ್ಲ. ಆದ್ಯ ರಂಗಾಚಾರ್ಯರು ಕನ್ನಡಕ್ಕೆ ತಂದ ಭರತನ ನಾಟ್ಯಶಾಸ್ತ್ರದಲ್ಲಿ ಚರ್ಮವಾದ್ಯಗಳು ಹುಟ್ಟಿದ ಕಥೆಯೊಂದಿದೆ. ಮೋಡ ಕವಿದ ದಿನ ಸ್ವಾತಿ ಮುನಿ ನೀರಿಗೆಂದು ಕೊಳಕ್ಕೆ ಹೋಗುತ್ತಾನೆ. ಇಂದ್ರ ಸುರಿಸಿದ ಮಳೆಯ ಹನಿಗಳು ಗಾಳಿಯ ರಭಸಕ್ಕೆ ತಾವರೆಯ ಎಲೆಗಳ ಮೇಲೆ ಬೀಳುತ್ತವೆ. ದೊಡ್ಡ ಎಲೆಗೆ ಒಂದು ದನಿ, ನಡುವಣದಕ್ಕೆ ಒಂದು, ಚಿಕ್ಕದಕ್ಕೆ ಮತ್ತೊಂದು. ಮುನಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಮರಳಿ, ವಿಶ್ವಕರ್ಮನ ನೆರವಿನಿಂದ ಪುಷ್ಕರ ಮೊದಲಾದ ವಾದ್ಯಗಳನ್ನು ಕಟ್ಟುತ್ತಾನೆ. ಪುಷ್ಕರವೆಂದರೆ ಮೂರು ವಾದ್ಯಗಳ ಸೆಟ್: ಆಂಕಿಕ, ಊರ್ಧ್ವಕ, ಆಲಿಂಗ್ಯ. ಒಂದನ್ನು ಅಡ್ಡ ಇಟ್ಟು, ಒಂದನ್ನು ನೆಟ್ಟಗೆ ನಿಲ್ಲಿಸಿ, ಒಂದನ್ನು ತಬ್ಬಿ ನುಡಿಸುವುದು. ನದಿಯ ದಡದ ಮಣ್ಣು ಹಚ್ಚಿ ಅವುಗಳನ್ನು ಬೇರೆ ಬೇರೆ ಸ್ವರಕ್ಕೆ ಶ್ರುತಿ ಮಾಡುವ ಮಾರ್ಜನೆಯ ವಿಧಗಳನ್ನೂ ಗ್ರಂಥ ಹೇಳುತ್ತದೆ. ಟಾಮ್‌ಗಳನ್ನು ಒಂದಕ್ಕೊಂದು ಹೊಂದಿಸುವುದು ನಿನ್ನೆ ಮೊನ್ನೆಯ ವಿದ್ಯೆಯೇನಲ್ಲ. ಸ್ವಾತಿ ಯಾವ ಎಲೆಗೂ ಕಿವಿ ಹಚ್ಚಿ ಕೂರಲಿಲ್ಲ, ಇಡೀ ಕೊಳವನ್ನು ಕೇಳಿದ. ನಮ್ಮ ಪರಂಪರೆಯ ಮೊದಲ ಓವರ್‌ಹೆಡ್ ಕಿವಿ ಅವನದು ಎಂದು ಈ ಅಂಕಣದ ನಂಬಿಕೆ.

ಕೊಪ್ಪದವರಿಗೆ ಈ ಪಾಠ ಊರಿನ ಪಕ್ಕದಲ್ಲೇ ಪುಕ್ಕಟೆ ಸಿಗುತ್ತದೆ. ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠವನ್ನು ಪೆನೋರ್ ರಿನ್‌ಪೊಚೆ ಸ್ಥಾಪಿಸಿದ್ದು 1963ರಲ್ಲಿ. ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ಮಂದಿರ ಉದ್ಘಾಟನೆಯಾದದ್ದು 1999ರಲ್ಲಿ. ಪೂಜೆಯ ಹೊತ್ತಿಗೆ ಹೋಗಿ, ಬಾಗಿದ ಕೋಲಿನಿಂದ ಬಾರಿಸುವ ದೊಡ್ಡ ನಗಾರಿಯ ದನಿಯನ್ನು ಮೊದಲು ಹತ್ತಿರದಿಂದ, ಆಮೇಲೆ ಬಾಗಿಲಿನ ಬಳಿಯಿಂದ ಕೇಳಬೇಕು. ಹತ್ತಿರ ಕೇಳಿಸುವುದು ಏಟು, ಬಾಗಿಲಲ್ಲಿ ಕೇಳಿಸುವುದು ನಗಾರಿ ಮತ್ತು ಕಟ್ಟಡ ಎರಡೂ. ರೂಮ್ ಫೇಡರ್ ಏನು ಮಾಡುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಯಾವ ಕೈಪಿಡಿಯೂ ಹೇಳಲಾರದು.

ನಮ್ಮ ಕಡೆಯ ಹಾಡುಗಳು ಕೆಡುತ್ತಿರುವುದೂ ಇಲ್ಲೇ. ಮಾದಪ್ಪನ ಪದಕ್ಕೆ ಕಂಸಾಳೆಯನ್ನು ಹಟ್ಟಿಯಲ್ಲೋ ಜಗುಲಿಯಲ್ಲೋ ರೆಕಾರ್ಡ್ ಮಾಡಿರುತ್ತಾರೆ. ಆ ಕಂಚಿನ ಮೊಳಗಿನಲ್ಲಿ ಗೋಡೆ, ಗಾಳಿ, ಜನ ಎಲ್ಲ ಇರುತ್ತಾರೆ. ಅದರ ಕೆಳಗೆ ಎಲ್ಲಿಯೂ ಇಲ್ಲದ ಒಣ ಕಿಕ್ ಕೂರಿಸಿದರೆ ಎರಡೂ ಒಂದೇ ಹಾಡಿನಲ್ಲಿ ಕೂರುವುದಿಲ್ಲ. ಡ್ರಮ್‌ನ ರೂಮ್ ಫೇಡರ್ ಸ್ವಲ್ಪ ಏರಿಸಿ, ಅದಕ್ಕೆ ಹೊಂದುವ ಸಣ್ಣ ಕೋಣೆಯ ರಿವರ್ಬ್‌ಗೆ ಗಾಯಕರ ದನಿಯನ್ನೂ ಸೆಂಡ್ ಮಾಡಿದರೆ ಜಗಳ ಮುಕ್ಕಾಲು ಪಾಲು ಮುಗಿಯುತ್ತದೆ.

ಕಡೆಯದಾಗಿ ಒಂದು ಕೋರಿಕೆ. ಕಪ್ಪಡಿಯಲ್ಲೋ ಚುಂಚನಕಟ್ಟೆಯಲ್ಲೋ ಜಾತ್ರೆಗೆ ಮೈಕ್ ಹೊತ್ತುಕೊಂಡು ಹೋಗುವವರು ತಮಟೆಗೆ ಒಂದೇ ಮೈಕ್ ಹಿಡಿದು ಬರಬೇಡಿ. ಬೆಂಕಿಗೆ ಕಾಯಿಸಿ ಬಿಗಿ ಬಂದ ಮೇಲೆ, ಚರ್ಮದ ಹತ್ತಿರ ಒಂದು, ಹತ್ತು ಅಡಿ ದೂರದಲ್ಲಿ ಎರಡು ಮೈಕ್ ಇಟ್ಟು, ಮೂರನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಉಳಿಸಿ. ದಪ್ಪ ಕೋಲಿನ ಏಟು, ಸಣ್ಣ ಕಡ್ಡಿಯ ಏಟು ಎರಡನ್ನೂ ಮೆಲ್ಲಗೆ, ನಡುವೆ, ಜೋರಾಗಿ ಬಾರಿಸಲು ಕಲಾವಿದರನ್ನು ಕೇಳಿ, ಅವರ ಸಂಭಾವನೆ ಮೊದಲೇ ಕೊಟ್ಟುಬಿಡಿ.