ಪವಾಡವಾದದಲ್ಲಿ ಪ್ರಮಾಣಭಾರ

ನೂತನ ಮತಸಂಪ್ರದಾಯಗಳನ್ನು ಕುರಿತು ಕನ್ನಡ ನಾಡಿನಲ್ಲಿ ನಡೆದಿರುವ ವಾದಗಳಲ್ಲಿ 1976ನೆಯ ಇಸವಿಯ ಪವಾಡವಾದವು ವಿಮರ್ಶಕರ ಗಮನಕ್ಕೆ ವಿಶೇಷವಾಗಿ ಯೋಗ್ಯವಾದುದು. ಅದರ ಒಂದು ಕಡೆಯಲ್ಲಿ ವೈಟ್‌ಫೀಲ್ಡಿನ ಕಾಡುಗೋಡಿಯ ಬೃಂದಾವನಾಶ್ರಮ ಮತ್ತು ಅಲ್ಲಿ ದರ್ಶನ ಕೊಡುತ್ತಿದ್ದ ಶ್ರೀ ಸತ್ಯಸಾಯಿಬಾಬಾ (1926-2011) ಅವರು. ಇನ್ನೊಂದು ಕಡೆಯಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಮತ್ತು ಅದರ ಉಪಕುಲಪತಿಗಳಾಗಿದ್ದ, ಪರಮಾಣು ಭೌತವಿಜ್ಞಾನದಲ್ಲಿ ಪಂಡಿತರಾದ ಡಾ. ಎಚ್. ನರಸಿಂಹಯ್ಯ (1920-2005) ಅವರು. ಪವಾಡಗಳನ್ನೂ ಪರೀಕ್ಷಾರ್ಹವಾದ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಶೋಧಿಸತಕ್ಕ ಒಂದು ಸಮಿತಿಯನ್ನು ನರಸಿಂಹಯ್ಯನವರು ಆ ವರ್ಷ ನೇಮಿಸಿದರು. ನಿಯಂತ್ರಿತವಾದ ಸನ್ನಿವೇಶದಲ್ಲಿ ತಮ್ಮ ಶಕ್ತಿಯನ್ನು ತೋರಿಸಬೇಕೆಂದು ಬಾಬಾ ಅವರಿಗೆ ಪತ್ರಗಳನ್ನು ಬರೆದರು. ಪರೀಕ್ಷೆ ನಡೆಯಲಿಲ್ಲ. ಯಾರು ಯಾರಿಗೆ ಏನನ್ನು ರುಜುವಾತುಪಡಿಸಬೇಕಾಗಿದ್ದಿತೆಂಬ ಪ್ರಶ್ನೆಯು ಮಾತ್ರ ಹಾಗೆಯೇ ಉಳಿಯಿತು. ಪ್ರಕೃತ ಲೇಖನದ ವಿಷಯವು ಅದೊಂದೇ. ಬಾಬಾ ಅವರ ದೈವತ್ವವನ್ನು ಸ್ಥಾಪಿಸುವುದಾಗಲಿ ಖಂಡಿಸುವುದಾಗಲಿ ಇಲ್ಲಿಯ ಉದ್ದೇಶವಲ್ಲ.

ಮೊದಲು ಭಕ್ತಪಕ್ಷದ ಗ್ರಂಥವನ್ನು ನೋಡೋಣ. ಬಾಬಾ ಅವರ ಚರಿತ್ರೆಯನ್ನು 'ಸತ್ಯಂ ಶಿವಂ ಸುಂದರಂ' ಎಂಬ ಹೆಸರಿನಿಂದ ಇಂಗ್ಲಿಷಿನಲ್ಲಿ ಹಲವು ಸಂಪುಟಗಳಾಗಿ ಬರೆದವರು ನಮ್ಮ ನಾ. ಕಸ್ತೂರಿಯವರು, 'ಅನರ್ಥಕೋಶ'ದ ಕರ್ತೃಗಳು. ಶಬ್ದವೊಂದು ಕೈಗೆ ಸಿಕ್ಕಿದರೆ ಅದನ್ನು ಮಗುಚಿ ಒಳಗಿನ ಹುಳುಕನ್ನು ತೋರಿಸದೆ ಬಿಡದ ಆ ಹಾಸ್ಯಗಾರರು ಈ ಗ್ರಂಥದಲ್ಲಿ ಒಂದು ಶಬ್ದವನ್ನೂ ಮಗುಚುವುದಿಲ್ಲ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಚರಿತ್ರೆಯೆಂದು ಕರೆಯಲ್ಪಟ್ಟರೂ ಇದರ ಜಾತಿಯು ಪುರಾಣದ ಜಾತಿ. ಹರಿಹರನ ರಗಳೆಗಳಲ್ಲಿ ಶಿವಶರಣರ ಪವಾಡಗಳು ಹೇಗೆ ಒಂದರ ಮೇಲೊಂದು ಬರುತ್ತವೆಯೋ ಹಾಗೆ ಇಲ್ಲಿಯೂ ಬರುತ್ತವೆ. ಆದರೆ ಹರಿಹರನನ್ನು ನಾವು ಸಾಕ್ಷ್ಯ ಕೇಳುವುದಿಲ್ಲವೇಕೆ? ಅವನು ನಮ್ಮಿಂದ ರಸಾನುಭವವನ್ನೂ ಭಕ್ತಿಯನ್ನೂ ಬೇಡುತ್ತಾನೆಯೇ ಹೊರತು ಸಮಕಾಲೀನ ಘಟನೆಯೊಂದಕ್ಕೆ ಒಪ್ಪಿಗೆಯನ್ನು ಬೇಡುವುದಿಲ್ಲ. ಕಸ್ತೂರಿಯವರಾದರೋ ಜೀವಿಸಿರುವ ವ್ಯಕ್ತಿಯೊಬ್ಬರ ವಿಷಯದಲ್ಲಿ ಕಂಡವರ ಹೇಳಿಕೆಗಳನ್ನು ಪೋಣಿಸಿ ಓದುಗನ ಮುಂದೆ ಇಡುತ್ತಾರೆ. ಹೇಳಿಕೆಗಳನ್ನು ಸಾಕ್ಷ್ಯವೆಂದು ಮುಂದಿಟ್ಟ ಮೇಲೆ ಅಡ್ಡಸವಾಲನ್ನು ಅನುಚಿತವೆನ್ನುವಂತಿಲ್ಲ. ವಿಜ್ಞಾನವು ಇಂದ್ರಿಯಗೋಚರವಾದುದಕ್ಕೆ ಮಾತ್ರ ಸಲ್ಲತಕ್ಕದ್ದು, ಅಧ್ಯಾತ್ಮವು ಇಂದ್ರಿಯಾತೀತವಾದುದು ಎಂಬ ಸಮಾಧಾನವನ್ನು ಬಾಬಾ ಅವರು ಆಗ ಕೊಟ್ಟರು. ಅಧ್ಯಾತ್ಮದ ವಿಷಯದಲ್ಲಿ ಈ ಮಾತು ನಿಲ್ಲಬಹುದು. ವಿಭೂತಿ ಮತ್ತು ಉಂಗುರಗಳ ವಿಷಯದಲ್ಲಿ ನಿಲ್ಲದು. ಅವು ಕಣ್ಣಿಗೆ ಕಾಣುತ್ತವೆ, ಬೆರಳಿಗೆ ಹತ್ತುತ್ತವೆ.

ಇನ್ನು ಭಾರವು ಯಾರದೆಂಬುದು. ಮೀಮಾಂಸಕರು ಜ್ಞಾನಕ್ಕೆ ಸ್ವತಃಪ್ರಾಮಾಣ್ಯವನ್ನು ಹೇಳುತ್ತಾರೆ. ನಮ್ಮ ನಾಡಿನ ಮಧ್ವಾಚಾರ್ಯರ ಮತವೂ ಈ ಅಂಶದಲ್ಲಿ ಅದೇ ಕಡೆಗಿದೆ. ಬಾಧಕವು ತೋರುವವರೆಗೆ ಹುಟ್ಟಿದ ಜ್ಞಾನವು ಪ್ರಮಾಣವೇ. ಆದುದರಿಂದ ದೋಷವನ್ನು ತೋರಿಸತಕ್ಕವನು ಆಕ್ಷೇಪಿಸುವವನು. ನೈಯಾಯಿಕರದು ಪರತಃಪ್ರಾಮಾಣ್ಯ, ಅಲ್ಲಿ ಪ್ರಾಮಾಣ್ಯವು ಬೇರೆ ಹೇತುವಿನಿಂದ ಸಿದ್ಧವಾಗಬೇಕು. ಭಕ್ತರ ವಾದವು ತನಗರಿಯದೆಯೇ ಮೊದಲನೆಯ ಪಕ್ಷವನ್ನು ಹಿಡಿದಿದೆ: ನಾವು ಕಂಡೆವು, ಸುಳ್ಳಾದರೆ ನೀವು ತೋರಿಸಿ. ಆದರೆ ಸ್ವತಃಪ್ರಾಮಾಣ್ಯವು ಕಂಡದ್ದಕ್ಕೆ ಸಲ್ಲುತ್ತದೆ, ಕಂಡದ್ದರ ವ್ಯಾಖ್ಯಾನಕ್ಕಲ್ಲ. ಭಕ್ತನು ಕಂಡದ್ದು ಬರಿಗೈಯ ಮೇಲೆ ವಿಭೂತಿ ತೋರಿದುದನ್ನು. ಅದು ಶೂನ್ಯದಿಂದ ಹುಟ್ಟಿತೆಂಬುದು ಪ್ರತ್ಯಕ್ಷವಲ್ಲ, ಅನುಮಾನ. ಹೇತುವನ್ನು ಹೇಳದ ಅನುಮಾನವನ್ನು ಯಾವ ದರ್ಶನದವರೂ ಒಪ್ಪರು.

ನ್ಯಾಯಾಲಯದ ಕ್ರಮವೂ ಇದನ್ನೇ ಹೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 101ನೆಯ ಪ್ರಕರಣದಲ್ಲಿದ್ದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 104ನೆಯ ಪ್ರಕರಣಕ್ಕೆ ಬಂದಿರುವ ನಿಯಮದಂತೆ, ಸಂಗತಿಯೊಂದು ಇದೆಯೆನ್ನುವವನೇ ಅದನ್ನು ರುಜುವಾತುಪಡಿಸಬೇಕು. ಹಿಂದಿನ 106ನೆಯ, ಈಗಿನ 109ನೆಯ ಪ್ರಕರಣವು ಇನ್ನೂ ಸೂಕ್ಷ್ಮವಾದುದು: ಒಬ್ಬನಿಗೆ ಮಾತ್ರ ವಿಶೇಷವಾಗಿ ತಿಳಿದಿರುವ ಸಂಗತಿಯ ರುಜುವಾತಿನ ಭಾರವು ಅವನ ಮೇಲೆಯೇ ಇರುತ್ತದೆ. ಉಂಗುರವು ಎಲ್ಲಿಂದ ಬಂದಿತೆಂಬುದು ಕೊಟ್ಟವರಿಗಲ್ಲದೆ ಇನ್ನಾರಿಗೆ ತಿಳಿದೀತು? ಆದರೆ ಈ ನಿಯಮವನ್ನು ಎಳೆದು ಉದ್ದಮಾಡಬಾರದು. ಅಭಿಯೋಜಕನ ಮೂಲಭೂತವಾದ ಭಾರವು ಇದರಿಂದ ಕಳಚಿಹೋಗುವುದಿಲ್ಲವೆಂದು 1956ರ ಶಂಭುನಾಥ ಮೆಹ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿರುತ್ತದೆ.

ನರಸಿಂಹಯ್ಯನವರ ಪಕ್ಷದಲ್ಲಿ ದೋಷವು ಕಾಣುವುದು ಇಲ್ಲಿಯೇ. ಪತ್ರಗಳಿಗೆ ಸೊಪ್ಪುಹಾಕದಿದ್ದುದನ್ನು ಅವರು ಪವಾಡಗಳು ನಿಜವಲ್ಲವೆಂಬುದರ ಸೂಚನೆಗಳಲ್ಲಿ ಒಂದಾಗಿ ಎಣಿಸಿದರು. ಪರೀಕ್ಷೆಗೆ ಒಡ್ಡಿಕೊಳ್ಳದಿರುವುದರಿಂದ ಪ್ರತಿಜ್ಞೆಯು ಅಸಿದ್ಧವಾಗಿ ಉಳಿಯುತ್ತದೆ, ಅಷ್ಟೆ. ಅಸಿದ್ಧವೆಂಬುದು ಬೇರೆ, ಅಸತ್ಯವೆಂಬುದು ಬೇರೆ, ವಂಚನೆಯೆಂಬುದು ಇನ್ನೂ ಬೇರೆ. ವಂಚನೆಯೆಂಬುದು ಸ್ವತಂತ್ರವಾದ ಪ್ರತಿಜ್ಞೆ; ಅದರ ಭಾರವು ಹಾಗೆಂದವನದು. ಅದೇ ವರ್ಷ ಪಾಂಡವಪುರದ ಬಾಲಕನೊಬ್ಬನು ವಿಭೂತಿಯನ್ನು ಉಡುಪಿನಲ್ಲಿ ಅಡಗಿಸಿಕೊಂಡಿದ್ದುದನ್ನು ಸಮಿತಿಯವರು ಬಯಲಿಗೆಳೆದರು. ಅಲ್ಲಿ ಭಾರವನ್ನು ಹೊತ್ತರು, ಗೆದ್ದರು. ಪಾಂಡವಪುರದ ರುಜುವಾತನ್ನು ಕಾಡುಗೋಡಿಗೆ ಸಾಗಿಸುವುದು ಮಾತ್ರ ವ್ಯಾಪ್ತಿಯಿಲ್ಲದ ಅನುಮಾನ.

ಆದರೂ ನರಸಿಂಹಯ್ಯನವರ ಒಂದು ಮಾತು ಈ ವಾದದಲ್ಲೆಲ್ಲ ಅತ್ಯಂತ ಶಾಸ್ತ್ರೀಯವಾದುದೆಂದು ನನ್ನ ಅಭಿಪ್ರಾಯ. ಜನರು ಅದನ್ನು ಬರಿಯ ವಿನೋದವೆಂದು ತಿಳಿದಿದ್ದಾರೆ. ಉಂಗುರ ಬೇಡ, ಒಂದು ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂದು ಅವರು ಕೇಳಿದುದು ಪ್ರಸಿದ್ಧವಾಗಿದೆ. ಕುಂಬಳಕಾಯಿಯೇ ಏಕೆ? ವಸ್ತುವೊಂದು ಕಾಣಲಿಲ್ಲವೆಂಬುದರಿಂದ ಅದು ಇಲ್ಲವೆಂದು ಹೇಳಬೇಕಾದರೆ, ಇದ್ದಿದ್ದರೆ ಕಂಡೇ ಕಾಣುತ್ತಿದ್ದಿತೆಂಬ ನಿಯಮವಿರಬೇಕು. ಇದನ್ನು ನಮ್ಮ ಶಾಸ್ತ್ರಕಾರರು ಯೋಗ್ಯಾನುಪಲಬ್ಧಿಯೆಂದರು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯ ಅಭಾವವನ್ನು ಹೇಳಲಾಗದು. ನಿಲುವಂಗಿಯ ತೋಳಿನಲ್ಲಿ ಉಂಗುರ ಕಾಣಲಿಲ್ಲವೆಂಬ ಭಕ್ತನ ಅನುಪಲಬ್ಧಿಯು ಅಯೋಗ್ಯವಾದುದು. ಕುಂಬಳಕಾಯಿ ಕಾಣಲಿಲ್ಲವೆಂಬುದು ಯೋಗ್ಯವಾದುದು. ತೋಳನ್ನು ಶೋಧಿಸುವ ಅವಮಾನವಿಲ್ಲದೆ, ಪ್ರಯೋಗಶಾಲೆಯ ಉಪಕರಣವಿಲ್ಲದೆ, ಭಕ್ತರ ನಡುವೆಯೇ ನಡೆಯಬಹುದಾಗಿದ್ದ ಪರೀಕ್ಷೆ ಅದು. ಭಾರವನ್ನು ಎದುರುಪಕ್ಷದ ಮೇಲೆ ಹೊರಿಸಿದುದಲ್ಲದೆ, ಅದನ್ನು ಇಳಿಸಿಕೊಳ್ಳುವ ಸುಲಭವಾದ ಮಾರ್ಗವನ್ನೂ ಅದು ತೋರಿಸಿತು.

ಐಸ್‌ಲೆಂಡಿನ ಮನಶ್ಶಾಸ್ತ್ರಜ್ಞರಾದ ಎರ್ಲೆಂಡುರ್ ಹರಾಲ್ಡ್‌ಸನ್ನರು ಎಪ್ಪತ್ತರ ದಶಕದಲ್ಲಿ ಬಾಬಾ ಅವರನ್ನು ಹಲವು ಬಾರಿ ಕಂಡು, 1987ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪ್ರಯೋಗಕ್ಕೆ ಒಪ್ಪಬೇಕೆಂದು ಅವರು ಒತ್ತಾಯಿಸುತ್ತಿದ್ದಾಗ, ದೈನಂದಿನ ಜೀವನವೂ ಅಧ್ಯಾತ್ಮವೂ ಜೋಡಿ ರುದ್ರಾಕ್ಷಿಯಂತೆ ಕೂಡಿ ಬೆಳೆಯಬೇಕೆಂದು ಬಾಬಾ ಅವರು ಹೇಳಿ, ಅಂಥ ರುದ್ರಾಕ್ಷಿಯೊಂದನ್ನು ಕೈಯಿಂದ ತೆಗೆದು ತೋರಿಸಿದರಂತೆ. ಪ್ರಯೋಗವನ್ನು ಕೇಳಿದವನಿಗೆ ಮತ್ತೊಂದು ದರ್ಶನ ದೊರೆಯಿತು. ಹಳೆಯ ಭಾರ ಇಳಿಯದೆ ಹೊಸದೊಂದು ಸೇರಿತು. ಮೋಸವು ಕಾಣಲಿಲ್ಲ, ಪ್ರಯೋಗವೂ ಆಗಲಿಲ್ಲ ಎಂದು ಈ ವಿದ್ವಾಂಸರು ಎರಡನ್ನೂ ಬರೆದಿಡುತ್ತಾರೆ. ನಮ್ಮ ಎರಡು ಪಕ್ಷದವರೂ ಆ ವಾಕ್ಯದ ಅರ್ಧರ್ಧವನ್ನು ಹಂಚಿಕೊಂಡು ಓದುತ್ತಾರೆ.

2001ರಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಸತ್ಯಸಾಯಿ ಆಸ್ಪತ್ರೆಯನ್ನು ಪವಾಡಗಳಿಗೆ ಉತ್ತರವೆಂದು ಕೆಲವರು ತೋರಿಸುವುದುಂಟು. ಅಲ್ಲಿ ಹಣ ಪಡೆಯದೆ ನಡೆಯುವ ಹೃದಯಚಿಕಿತ್ಸೆಯು ಸ್ತುತ್ಯವೇ. ಉಂಗುರದ ಉತ್ಪತ್ತಿಗೆ ಅದು ಹೇತುವಲ್ಲ.

ಭಾರವನ್ನು ತಲೆಕೆಳಗು ಮಾಡುವ ಪ್ರವೃತ್ತಿಯು ವಾದಗಳಲ್ಲಿಯೇ ನಿಲ್ಲಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮದ 12ನೆಯ ಪ್ರಕರಣವು, ಮತಾಂತರವು ಬಲಾತ್ಕಾರದಿಂದಲೋ ಆಮಿಷದಿಂದಲೋ ಆದುದಲ್ಲವೆಂದು ಸ್ಥಾಪಿಸುವ ಭಾರವನ್ನು ಮತಾಂತರ ಮಾಡಿಸಿದವನ ಮೇಲೆಯೇ ಹೊರಿಸಿತು. ಅಧಿನಿಯಮವನ್ನು ರದ್ದುಗೊಳಿಸುವ ತೀರ್ಮಾನವನ್ನು ಸಚಿವಸಂಪುಟವು 2023ರಲ್ಲಿ ಮಾಡಿತು. ವಂಚನೆಯ ಆರೋಪವನ್ನು ಆರೋಪಿಸಿದವನೇ ಸ್ಥಾಪಿಸಲಿ ಎಂದು ಕಾಡುಗೋಡಿಯ ಪರವಾಗಿ ಕೇಳುವವರು, ಹೊಸ ಪ್ರಾರ್ಥನಾಮಂದಿರವೊಂದರ ಬೋಧಕನಿಗೂ ಅದೇ ನ್ಯಾಯವನ್ನು ಕೇಳಬೇಕಾಗುತ್ತದೆ. ಪರೀಕ್ಷೆಗೆ ಬಾರದಿದ್ದುದೇ ವಂಚನೆಗೆ ಸಾಕ್ಷಿಯೆಂದವರು ಆ ಬೋಧಕನ ಮೌನವನ್ನೂ ಅಪರಾಧವೆಂದು ಒಪ್ಪಬೇಕಾಗುತ್ತದೆ.